ಸರ್ಚ್ ಮಾಡಿದ್ದಕ್ಕೆ ಪಾಯಿಂಟ್: ಯಾವುದು ಕೈಗೆ ಬರುತ್ತೆ, ಯಾವುದು ಮಧ್ಯದಲ್ಲೇ ನಿಲ್ಲುತ್ತೆ?

ಸಂತೆಪೇಟೆ ಹಾಸನ

ಎಲ್ಲರಿಗೂ ನಮಸ್ಕಾರ. ವೆಬ್‌ನಲ್ಲಿ ಹುಡುಕಿದ್ದಕ್ಕೆ ಪಾಯಿಂಟ್ ಕೊಡುವ ಸರ್ಚ್ ಎಂಜಿನ್‌ಗಳ ಲಿಂಕ್ ಇತ್ತೀಚೆಗೆ ಹಾಸನದ ಕಾಲೇಜು ಮಕ್ಕಳ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡ್ತಿದೆ. ಕೆಲವು ದೊಡ್ಡ ಕಂಪನಿಗಳದ್ದು, ಕೆಲವು ಹೆಸರೇ ಕೇಳದವು. ಮೂರು ವಿಷಯ ಗೊತ್ತಾಗಬೇಕು. ಇದರಲ್ಲಿ ನಂಬುವಂಥದ್ದು ಯಾವುದು? ಸರ್ಚ್ ಮಾಡಿದರೂ ಪಾಯಿಂಟ್ ಏರುವುದಿಲ್ಲ ಅಂತ ತುಂಬಾ ಜನ ಹೇಳ್ತಾರಲ್ಲ, ಅದಕ್ಕೆ ಕಾರಣ ಏನು? ಕೊನೆಗೆ ಕೈಗೆ ಸಿಗುವುದರ ಬೆಲೆ ಎಷ್ಟು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಾಫಿನಾಡು ನೆಟ್

ಸರ್, ಮೊದಲು ಇವನ್ನು ಬೇರೆ ಬೇರೆ ಮಾಡಿ ನೋಡಬೇಕು. ಎಲ್ಲವನ್ನೂ "ಸರ್ಚ್ ಮಾಡಿ ದುಡ್ಡು ಗಳಿಸಿ" ಅನ್ನುವ ಒಂದೇ ಹೆಸರಲ್ಲಿ ಕರೀತಾರೆ, ಒಳಗಿನ ವ್ಯವಹಾರ ಮಾತ್ರ ಬೇರೆಬೇರೆ.

ಮೈಕ್ರೋಸಾಫ್ಟ್ ರಿವಾರ್ಡ್ಸ್: ಆ ಕಂಪನಿಯದೇ ಸರ್ಚ್ ಎಂಜಿನ್ ಬಿಂಗ್‌ನಲ್ಲಿ ಹುಡುಕಿದರೆ ಪಾಯಿಂಟ್, ಪಾಯಿಂಟ್ ಕೊಟ್ಟು ಗಿಫ್ಟ್ ವೋಚರ್. ನಿಜವಾಗಿ ಸರ್ಚ್‌ಗೇ ಪಾಯಿಂಟ್ ಕೊಡುವ ದೊಡ್ಡ ವ್ಯವಸ್ಥೆ ಅಂದರೆ ಇದೇ.

ಬ್ರೇವ್: ಇಲ್ಲಿ ಎಲ್ಲರೂ ಎಡವುತ್ತಾರೆ. ಬ್ರೇವ್ ಸರ್ಚ್ ಬಳಸಿದ್ದಕ್ಕೆ ಏನೂ ಕೊಡುವುದಿಲ್ಲ. ಬ್ರೇವ್ ಬ್ರೌಸರ್ ತೋರಿಸುವ ಜಾಹೀರಾತನ್ನು ನೋಡಲು ಒಪ್ಪಿದ್ದಕ್ಕೆ, ಆ ಜಾಹೀರಾತಿನ ಆದಾಯದಲ್ಲಿ 70% ಪಾಲನ್ನು ಬ್ಯಾಟ್ ಅನ್ನುವ ಕ್ರಿಪ್ಟೋ ಟೋಕನ್ (ಡಿಜಿಟಲ್ ನಾಣ್ಯ) ರೂಪದಲ್ಲಿ ಕೊಡುತ್ತೆ.

ಪ್ರಿಸರ್ಚ್: 2017ರಲ್ಲಿ ಶುರುವಾದದ್ದು, ಸರ್ಚ್‌ಗೆ ತನ್ನದೇ ಟೋಕನ್ ಕೊಡುತ್ತೆ. ಟೋಕನ್ ಖಾತೆಯಲ್ಲಿ ಕಾಣುವುದು ಸುಲಭ. ಹೊರಗೆ ತೆಗೆಯಲು ಕನಿಷ್ಠ ಮೊತ್ತ ತುಂಬಬೇಕು, ಟೋಕನ್ ಕಳಿಸುವ ಶುಲ್ಕವನ್ನೂ ಕಟ್ಟಬೇಕು. ಸಣ್ಣ ಮೊತ್ತವಾದರೆ ಶುಲ್ಕವೇ ಅದನ್ನು ತಿಂದುಹಾಕುತ್ತೆ.

ಇಕೋಸಿಯಾ: ಬರ್ಲಿನ್‌ನದು, 2009ರಿಂದ ಇದೆ. ನಿಮಗೆ ಏನೂ ಕೊಡುವುದಿಲ್ಲ, ಜಾಹೀರಾತಿನ ಲಾಭದಲ್ಲಿ ಗಿಡ ನೆಡಿಸುತ್ತೆ. ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೆ ಕೂಡ.

ಸ್ವಾಗ್‌ಬಕ್ಸ್‌ನಂಥವು: 2008ರಿಂದ ಇರುವ ಪಾಯಿಂಟ್ ತಾಣ. ಸರ್ಚ್‌ಗೆ ಪಾಯಿಂಟ್ ಬೀಳುವುದು ಅಪರೂಪಕ್ಕೆ, ಅದೃಷ್ಟದ ಲೆಕ್ಕದಲ್ಲಿ. ಹೆಚ್ಚಿನ ಗಳಿಕೆ ಸಮೀಕ್ಷೆಗಳಿಂದ.

ಇವುಗಳಾಚೆಗೆ ವಾಟ್ಸಾಪ್, ಟೆಲಿಗ್ರಾಂನಲ್ಲಿ ಬರುವ ಹೆಸರಿಲ್ಲದ ಆ್ಯಪ್‌ಗಳನ್ನು ಮುಟ್ಟಲೇಬೇಡಿ. ಅದರ ಬಗ್ಗೆ ಬಲ್ಲವರು ಕೆಳಗೆ ಬರೀತಾರೆ ಅಂದುಕೊಳ್ಳುತ್ತೇನೆ.

ಅರಸೀಕೆರೆ ಜಂಕ್ಷನ್

ಇದು ಹೊಸ ಉಪಾಯ ಅಲ್ಲ. 1999ರಲ್ಲೇ ಅಮೆರಿಕದಲ್ಲಿ ಐವಾನ್ ಅನ್ನುವ ತಾಣ ಹುಡುಕುವವರಿಗೆ ಲಾಟರಿ ಥರ ದಿನಕ್ಕೆ 10,000 ಡಾಲರ್ ಬಹುಮಾನ ಇಟ್ಟಿತ್ತು. ಮೈಕ್ರೋಸಾಫ್ಟ್ 2008ರಲ್ಲಿ ಕ್ಯಾಶ್‌ಬ್ಯಾಕ್ ಶುರು ಮಾಡಿ 2010ರಲ್ಲಿ ನಿಲ್ಲಿಸಿತು. ಅದೇ ವರ್ಷ ಬಿಂಗ್ ರಿವಾರ್ಡ್ಸ್ ಬಂತು, 2016ರಲ್ಲಿ ಹೆಸರು ಮೈಕ್ರೋಸಾಫ್ಟ್ ರಿವಾರ್ಡ್ಸ್ ಆಯಿತು. ಇದರಿಂದ ಗಮನಿಸಬೇಕಾದ್ದು ಒಂದೇ: ಕಂಪನಿ ಯಾವಾಗ ಬೇಕಾದರೂ ದರ ಬದಲಿಸಬಹುದು, ಯೋಜನೆ ಮುಚ್ಚಬಹುದು. ವರ್ಷಗಟ್ಟಲೆ ಕೂಡಿಡುವುದು ಬೇಡ.

ದುಡ್ಡು ಎಲ್ಲಿಂದ ಬರುತ್ತೆ ಅನ್ನುವುದನ್ನೂ ತಿಳಿದಿರಬೇಕು. ಸರ್ಚ್ ಪುಟದ ಜಾಹೀರಾತಿಗೆ ಹರಾಜು ನಡೆಯುತ್ತೆ, ಯಾರಾದರೂ ಕ್ಲಿಕ್ ಮಾಡಿದಾಗ ಮಾತ್ರ ಜಾಹೀರಾತು ಕೊಟ್ಟವರು ದುಡ್ಡು ಕಟ್ಟುತ್ತಾರೆ. "ಹೇಮಾವತಿ ಡ್ಯಾಂ ನೀರಿನ ಮಟ್ಟ" ಅಂತ ಹುಡುಕಿದರೆ ಅಲ್ಲಿ ಜಾಹೀರಾತು ಕೊಡುವವರು ಯಾರಿದ್ದಾರೆ? ಕಂಪನಿಗೆ ಬಿಡಿಗಾಸೂ ಇಲ್ಲ. "ಚಿಕ್ಕಮಗಳೂರು ಹೋಂಸ್ಟೇ" ಅಂದರೆ ಪುಟದ ತುಂಬ ಜಾಹೀರಾತು. ಹತ್ತಾರು ಬರಡು ಸರ್ಚ್‌ಗಳ ನಡುವೆ ಒಂದು ಹಾಲು ಕರೆಯುತ್ತೆ. ಅದಕ್ಕೇ ಪ್ರತಿ ಸರ್ಚ್‌ಗೆ ಪಾಯಿಂಟ್ ಅಷ್ಟು ಕಡಿಮೆ, ಅದಕ್ಕೇ ದಿನಕ್ಕೊಂದು ಮಿತಿ.

ಹಾಗಾದರೆ ನಷ್ಟದ ಸರ್ಚ್‌ಗೂ ಯಾಕೆ ಕೊಡ್ತಾರೆ? ಜನರ ರೂಢಿ ಬದಲಾಗಲಿ ಅಂತ. ಗೂಗಲ್ ಆಪಲ್‌ನ ಸಫಾರಿಯಲ್ಲಿ ಮೊದಲ ಆಯ್ಕೆಯ ಸರ್ಚ್ ಎಂಜಿನ್ ಆಗಿರಲು 2022ರಲ್ಲಿ ಸುಮಾರು 20 ಬಿಲಿಯನ್ ಡಾಲರ್ ಕೊಟ್ಟಿತ್ತು ಅನ್ನುವುದು ಅಮೆರಿಕದ ನ್ಯಾಯಾಲಯದ ದಾಖಲೆಯಲ್ಲೇ ಬಂದಿದೆ. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಗೂಗಲ್ ಏಕಸ್ವಾಮ್ಯ ಉಳಿಸಿಕೊಳ್ಳಲು ಕಾನೂನು ಮೀರಿದೆ ಅಂತ ತೀರ್ಪು ಕೊಟ್ಟರು. ಅಲ್ಲಿ ಫೋನ್ ಕಂಪನಿಗೆ ಹೋಗುವ ದುಡ್ಡಿನ ಒಂದು ಚೂರು ಇಲ್ಲಿ ನೇರವಾಗಿ ಬಳಸುವವರಿಗೆ ಬರುತ್ತೆ, ಅಷ್ಟೇ ವ್ಯತ್ಯಾಸ.

ಕಾಫಿನಾಡು ನೆಟ್

ಈಗ ಎರಡನೇ ಪ್ರಶ್ನೆ, ಪಾಯಿಂಟ್ ಯಾಕೆ ಏರುವುದಿಲ್ಲ. ಮೈಕ್ರೋಸಾಫ್ಟ್ ರಿವಾರ್ಡ್ಸ್‌ಗೆ ಸೀಮಿತವಾಗಿ ಬರೀತೀನಿ.

ರಿವಾರ್ಡ್ಸ್ ಪುಟದಲ್ಲಿ ಇವತ್ತಿನ ಪಾಯಿಂಟ್ ಅನ್ನುವ ಜಾಗ ಒತ್ತಿದರೆ ವಿಂಗಡಣೆ ತೆರೆಯುತ್ತೆ. ಕಂಪ್ಯೂಟರ್ ಸರ್ಚ್‌ಗೆ ಇಷ್ಟರಲ್ಲಿ ಇಷ್ಟು, ಮೊಬೈಲ್ ಸರ್ಚ್‌ಗೆ ಇಷ್ಟರಲ್ಲಿ ಇಷ್ಟು ಅಂತ ಇರುತ್ತೆ. ದೇಶ, ಖಾತೆಯ ಹಂತ ನೋಡಿ ಮಿತಿ ಬದಲಾಗುತ್ತೆ, ಆದ್ದರಿಂದ ಯೂಟ್ಯೂಬ್‌ನಲ್ಲಿ ಹೇಳುವ ಅಮೆರಿಕದ ಲೆಕ್ಕ ನಂಬಬೇಡಿ. ನಿಮ್ಮ ಪುಟದಲ್ಲಿ ಇರುವುದೇ ಲೆಕ್ಕ. ಒಂದು ಸರ್ಚ್‌ಗೆ 3 ಪಾಯಿಂಟ್ ಇರುವ ಖಾತೆ ಅಂದುಕೊಳ್ಳಿ: 12 ಸರ್ಚ್ ಆದಾಗ 36 ಅಂತ ತೋರಿಸುತ್ತೆ. 13ನೆಯದು ಮಾಡಿ ಪುಟ ರಿಫ್ರೆಶ್ ಮಾಡಿದರೂ 36ರಲ್ಲೇ ನಿಂತಿದೆ ಅಂದರೆ ಕೆಳಗಿನದರಲ್ಲಿ ಒಂದು ಕಾರಣ ಇರುತ್ತೆ.

ಮೊದಲ ಅನುಮಾನ ಲಾಗಿನ್ ಮೇಲೆ. ಬಿಂಗ್ ಪುಟದ ಬಲ ಮೇಲ್ಮೂಲೆಯಲ್ಲಿ ನಿಮ್ಮ ಹೆಸರು, ಪಕ್ಕದಲ್ಲಿ ಪಾಯಿಂಟ್ ಸಂಖ್ಯೆ ಕಾಣಬೇಕು. ಎಡ್ಜ್ ಬ್ರೌಸರ್‌ಗೆ ಲಾಗಿನ್ ಆಗಿದ್ದರೂ ಬಿಂಗ್ ಪುಟಕ್ಕೆ ಆಗಿರುವುದಿಲ್ಲ, ಇದು ತುಂಬಾ ಸಾಮಾನ್ಯ. ಆಫೀಸಿನ ಅಥವಾ ಕಾಲೇಜಿನ ಮೇಲ್ ಐಡಿ ಇಂದ ಬ್ರೌಸರ್‌ಗೆ ಹೋಗಿದ್ದರೆ ಸರ್ಚ್ ಆ ಖಾತೆಯ ಹೆಸರಲ್ಲಿ ಹೋಗುತ್ತೆ, ನಿಮ್ಮ ಸ್ವಂತ ಖಾತೆಗೆ ಬರುವುದಿಲ್ಲ. ಇದಕ್ಕೆ ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ತೆರೆಯುವುದೇ ಸರಿಯಾದ ದಾರಿ.

ಎರಡನೆಯದು ವೇಗ. ಒಂದೊಂದೇ ಅಕ್ಷರ ಬದಲಿಸಿ ಎರಡೆರಡು ಸೆಕೆಂಡಿಗೆ ಎಂಟರ್ ಒತ್ತುವುದನ್ನು ಯಂತ್ರದ ಕೆಲಸ ಅಂತ ಎಣಿಸುತ್ತೆ. 2023ರಿಂದ ಹಲವು ದೇಶಗಳಲ್ಲಿ ಮೂರು ನಾಲ್ಕು ಸರ್ಚ್ ಆದ ಮೇಲೆ ಸುಮಾರು 15 ನಿಮಿಷ ಪಾಯಿಂಟ್ ಸೇರದೆ ನಿಲ್ಲುವ ತಡೆಯೂ ಬಂದಿದೆ. ಆ ಹೊತ್ತಲ್ಲಿ ಮಾಡಿದ್ದು ಸುಮ್ಮನೆ ವ್ಯರ್ಥ. ಅದೇ ಪದ ಮತ್ತೆ ಹುಡುಕಿದರೂ ಎಣಿಕೆಗೆ ಬರುವುದಿಲ್ಲ.

ಮೂರನೆಯದು, ಖಾಸಗಿ ಕಿಟಕಿಯಲ್ಲಿ ಹುಡುಕುವುದು, ಟ್ರ್ಯಾಕಿಂಗ್ ತಡೆಯನ್ನು ಕಟ್ಟುನಿಟ್ಟು ಮಟ್ಟಕ್ಕೆ ಇಡುವುದು, ಕುಕೀ ಅಳಿಸುವ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಹಾಕಿರುವುದು. ಮೊಬೈಲ್‌ನಲ್ಲಿ "ಡೆಸ್ಕ್‌ಟಾಪ್ ಸೈಟ್" ಆನ್ ಇದ್ದರೆ ಮೊಬೈಲ್ ಖಾನೆ ಏರುವುದಿಲ್ಲ, ಕಂಪ್ಯೂಟರ್ ಖಾನೆಗೆ ಹೋಗುತ್ತೆ.

ನಾಲ್ಕನೆಯದು ವಿಪಿಎನ್, ಅಂದರೆ ನಿಮ್ಮ ಇಂಟರ್ನೆಟ್ ಅನ್ನು ಬೇರೆ ಕಡೆಯ ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ. ಹಾಸನ, ಚಿಕ್ಕಮಗಳೂರಲ್ಲಿ ಮನೆಯಿಂದಲೇ ಕಂಪನಿ ಕೆಲಸ ಮಾಡುವವರು ಬಹಳ ಜನ ಇದ್ದಾರೆ. ಆಫೀಸ್ ವಿಪಿಎನ್ ಆನ್ ಇಟ್ಟು ಸ್ವಂತ ಖಾತೆಯಲ್ಲಿ ಹುಡುಕಿದರೆ, ಮೈಕ್ರೋಸಾಫ್ಟ್‌ಗೆ ನೀವು ಸಿಂಗಪುರದಲ್ಲೋ ಅಮೆರಿಕದಲ್ಲೋ ಇರುವ ಹಾಗೆ ಕಾಣಬಹುದು. ಖಾತೆಯ ದೇಶ ಭಾರತ, ಸರ್ಚ್ ಬೇರೆ ದೇಶದಿಂದ. ಖಾತೆ ಅಮಾನತಾಗಲು ಇದೊಂದೇ ಸಾಕು, ಇದ್ದ ಪಾಯಿಂಟ್ ಎಲ್ಲ ಹೋಗುತ್ತೆ.

ಮೂಡಿಗೆರೆ ಮಳೆ

ಹಾಸ್ಟೆಲ್‌ನಲ್ಲಿ ಇರುವ ಮಕ್ಕಳ ಕಥೆ ಏನು ಸರ್? ಒಂದೇ ವೈಫೈಯಲ್ಲಿ ನೂರಾರು ಜನ. ಕೂಡುಕುಟುಂಬಗಳಲ್ಲೂ ಒಂದೇ ಫೈಬರ್ ಕನೆಕ್ಷನ್‌ಗೆ ಎಂಟು ಹತ್ತು ಫೋನ್ ಇರುತ್ತವಲ್ಲ.

ಕಾಫಿನಾಡು ನೆಟ್

ಒಳ್ಳೇ ಪ್ರಶ್ನೆ. ನಿಯಮ ಒಬ್ಬರಿಗೆ ಒಂದೇ ಖಾತೆ, ಒಂದು ಮನೆಗೆ ಹೆಚ್ಚೆಂದರೆ ಆರು. ಕೂಡುಕುಟುಂಬದಲ್ಲಿ ಏಳನೆಯವರು ಸೇರಬಾರದು ಅಂತಲೇ ಅರ್ಥ.

ಹಾಸ್ಟೆಲ್‌ನಲ್ಲಿ ಎಲ್ಲರ ಸರ್ಚ್ ಒಂದೇ ಐಪಿ ವಿಳಾಸದಿಂದ (ಇಂಟರ್ನೆಟ್‌ನಲ್ಲಿ ಕನೆಕ್ಷನ್ ಗುರುತಿಸುವ ಸಂಖ್ಯೆ) ಹೊರಗೆ ಹೋಗುತ್ತೆ. ಹೊರಗಿನವರಿಗೆ ಅದು ಒಂದು ಮನೆಯಲ್ಲಿ ಐವತ್ತು ಖಾತೆ ಇಟ್ಟುಕೊಂಡ ಹಾಗೆ ಕಾಣುತ್ತೆ. ರಿವಾರ್ಡ್ಸ್ ಬಳಸುವವರು ಹಾಸ್ಟೆಲ್ ವೈಫೈ ಬಿಟ್ಟು ತಮ್ಮ ಸಿಮ್ ಡೇಟಾದಲ್ಲೇ ಹುಡುಕುವುದು ಕ್ಷೇಮ. ಮೊಬೈಲ್ ಕಂಪನಿಗಳೂ ಹಳೇ ಮಾದರಿ ಐಪಿಯನ್ನು ಬಹಳ ಗ್ರಾಹಕರಿಗೆ ಹಂಚುತ್ತವೆ ನಿಜ, ಆದರೆ ಅದು ಮೊಬೈಲ್ ಜಾಲ ಅಂತ ಎದುರಿನವರಿಗೆ ಗೊತ್ತಿರುತ್ತೆ. ಹೊಸ ಮಾದರಿಯ ಐಪಿವಿ6 ಇದ್ದರೆ ಫೋನಿಗೆ ಬೇರೆ ವಿಳಾಸವೇ ಸಿಗುತ್ತೆ.

ಇನ್ನೊಂದು ತಪ್ಪು, ಗೆಳೆಯರ ನಾಲ್ಕು ಖಾತೆಗಳನ್ನು ಒಂದೇ ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದು. ತಾನಾಗಿ ಸರ್ಚ್ ಮಾಡುವ ಸ್ಕ್ರಿಪ್ಟ್ ಹಾಕುವುದಂತೂ ನಿಯಮಕ್ಕೆ ನೇರ ವಿರುದ್ಧ. ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟು, ವೋಚರ್‌ಗೆ ಕೈ ಹಾಕಿದ ದಿನ ಪರಿಶೀಲನೆ ಮಾಡಿ ಖಾತೆ ನಿಲ್ಲಿಸುತ್ತಾರೆ. ಪಾಯಿಂಟ್ ಏರಿತು ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತ ಅಲ್ಲ.

ಬೇಲೂರು ರಸ್ತೆ

ಬೆಲೆಯ ಲೆಕ್ಕ ನಾನು ಬರೀತೀನಿ. ಹಿಂದಿನಿಂದ ಮುಂದಕ್ಕೆ ಬನ್ನಿ: ಮೊದಲು ರಿಡೀಮ್ ಪುಟ (ಪಾಯಿಂಟ್ ಕೊಟ್ಟು ವೋಚರ್ ತೆಗೆಯುವ ಜಾಗ), ಆಮೇಲೆ ಸರ್ಚ್.

ಭಾರತದ ಖಾತೆಯ ರಿಡೀಮ್ ಪುಟದಲ್ಲಿ ನೀವು ನಿಜವಾಗಿ ಬಳಸುವ ಒಂದು ವೋಚರ್ ಆರಿಸಿ. ಅದರ ರೂಪಾಯಿ ಬೆಲೆಯನ್ನು ಕೇಳುವ ಪಾಯಿಂಟ್‌ನಿಂದ ಭಾಗಿಸಿ. ಬರೀ ಉದಾಹರಣೆಗೆ, 100 ರೂಪಾಯಿ ವೋಚರ್‌ಗೆ 2,000 ಪಾಯಿಂಟ್ ಅಂತಿದ್ದರೆ ಒಂದು ಪಾಯಿಂಟ್ 5 ಪೈಸೆ, 3 ಪಾಯಿಂಟ್‌ನ ಸರ್ಚ್ 15 ಪೈಸೆ. ದಿನಕ್ಕೆ 20 ಸರ್ಚ್ ಸಹಜವಾಗಿ ಆಗುವವರಿಗೆ 3 ರೂಪಾಯಿ, ತಿಂಗಳಿಗೆ 90. ನಿಮ್ಮ ಪುಟದ ಸಂಖ್ಯೆ ಹಾಕಿ ಇದೇ ಲೆಕ್ಕ ಮಾಡಿ.

ಇದರ ಎದುರಿಗೆ ಸಮಯ ಇಡಿ. ಬೇಕಿಲ್ಲದ ಒಂದು ಸರ್ಚ್‌ಗೆ ಟೈಪ್ ಮಾಡಿ, ಪುಟ ತೆರೆದು, ಕಾಯಲು 20 ಸೆಕೆಂಡ್ ಅಂದರೆ ಗಂಟೆಗೆ 180 ಸರ್ಚ್, 27 ರೂಪಾಯಿ. ಅದೂ ದಿನದ ಮಿತಿ ಅಷ್ಟು ಬಿಡುವುದೇ ಇಲ್ಲ. ಹೇಗಿದ್ದರೂ ಹುಡುಕುವುದನ್ನು ಅಲ್ಲಿ ಹುಡುಕಿದರೆ ಲಾಭ, ಪಾಯಿಂಟ್‌ಗೋಸ್ಕರ ಹುಡುಕಿದರೆ ಲುಕ್ಸಾನು. ಮಕ್ಕಳು ಓದುವ ಹೊತ್ತನ್ನು ಇದಕ್ಕೆ ಕೊಡ್ತಿರುವುದು ನೋಡಿದರೆ ಸಂಕಟ ಆಗುತ್ತೆ, ಅದಕ್ಕೇ ಪೈಸೆ ಲೆಕ್ಕ ಬರೆದೆ.

ಇನ್ನು, 18 ತಿಂಗಳು ಪಾಯಿಂಟ್ ಗಳಿಸದೆ, ಬಳಸದೆ ಇದ್ದರೆ ಎಲ್ಲ ಅಳಿಯುತ್ತೆ. ಒಂದು ವೋಚರ್‌ಗೆ ಸಾಕಾದ ಕೂಡಲೇ ತೆಗೆದುಕೊಳ್ಳಿ.

ಗೊರೂರು ತೀರ

ಟೋಕನ್ ಕಡೆಯ ವಿಷಯ ಸೇರಿಸುತ್ತೇನೆ, ಏಕೆಂದರೆ ಇಲ್ಲಿ ತೆರಿಗೆ ಬರುತ್ತದೆ.

ಬ್ರೇವ್‌ನಲ್ಲಿ ಗಳಿಕೆ ಬರಬೇಕಾದರೆ ಪಾವತಿ ಖಾತೆ ಜೋಡಿಸಿರಬೇಕು, ಸುಮ್ಮನೆ ಜಾಹೀರಾತು ನೋಡುತ್ತಿದ್ದರೆ ಏನೂ ಬರುವುದಿಲ್ಲ. ಭಾರತದವರಿಗೆ ಝೆಬ್‌ಪೇ ಅನ್ನುವ ಕ್ರಿಪ್ಟೋ ವಿನಿಮಯ ಕಂಪನಿಯ ಮೂಲಕ ಜೋಡಿಸುವ ವ್ಯವಸ್ಥೆ ಇದೆ. ಅದಕ್ಕೆ ಪ್ಯಾನ್ ಮತ್ತು ಗುರುತಿನ ಪರಿಶೀಲನೆ ಆಗಬೇಕು. ಪ್ಯಾನ್‌ನಲ್ಲಿರುವ ಹೆಸರು ಮತ್ತು ಆಧಾರ್‌ನಲ್ಲಿರುವ ಹೆಸರು ಹೊಂದದೆ ಅರ್ಜಿ ನಿಂತುಹೋಗುವುದು ನಮ್ಮ ಕಡೆ ಮಾಮೂಲು. ತಂದೆಯ ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಬಿಡಿಸಿ ಬರೆದು ಹಿಂದೆ ಇರುತ್ತದೆ. ಮೊದಲು ಅದನ್ನು ಸರಿಮಾಡಿಸಿಕೊಳ್ಳಿ.

2022ರ ಹಣಕಾಸು ಕಾಯ್ದೆಯಿಂದ ಕ್ರಿಪ್ಟೋ ಟೋಕನ್ ಮಾರಿದಾಗ ಬರುವ ಲಾಭಕ್ಕೆ 30% ತೆರಿಗೆ, ಅದರ ಮೇಲೆ 4% ಸೆಸ್. ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2022ರ ಜುಲೈ 1ರಿಂದ ಮಾರಾಟದ ಮೊತ್ತದ ಮೇಲೆ 1% ಟಿಡಿಎಸ್ ಕೂಡ ಇದೆ. ಮೊತ್ತ ಸಣ್ಣದಾದರೂ ರಿಟರ್ನ್ಸ್‌ನಲ್ಲಿ ಬೇರೆ ಪಟ್ಟಿಯಲ್ಲೇ ತೋರಿಸಬೇಕು. ನೂರಿನ್ನೂರು ರೂಪಾಯಿಗೆ ಆಡಿಟರ್ ಹತ್ತಿರ ಹೋಗುವ ಕೆಲಸ ಬೇಕೋ ಬೇಡವೋ ಮೊದಲೇ ತೀರ್ಮಾನಿಸಿ.

ಗಿಫ್ಟ್ ವೋಚರ್, ರಿವಾರ್ಡ್ ಪಾಯಿಂಟ್, ವಿಮಾನದ ಮೈಲೇಜ್ ಪಾಯಿಂಟ್ ಇವೆಲ್ಲ ಈ ಕ್ರಿಪ್ಟೋ ವರ್ಗಕ್ಕೆ ಸೇರುವುದಿಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2022ರ ಜೂನ್ 30ರ ಅಧಿಸೂಚನೆ 74ರಲ್ಲಿ ಸ್ಪಷ್ಟಪಡಿಸಿದೆ. ಸಾಮಾನ್ಯ ಬಳಕೆದಾರರಿಗೆ ವೋಚರ್ ದಾರಿ ಹಗುರ ಅನ್ನುವುದಕ್ಕೆ ಇದೂ ಒಂದು ಕಾರಣ.

ಸಕಲೇಶಪುರ ಘಾಟ್

ಹೆಸರಿಲ್ಲದ ಆ್ಯಪ್‌ಗಳ ವಿಷಯ. ಮೋಸದ ನಡೆ ಯಾವಾಗಲೂ ಒಂದೇ ಥರ. ಮೊದಲ ದಿನ "ಸರ್ಚ್ ಟಾಸ್ಕ್" ಮಾಡಿಸಿ ನೂರಿನ್ನೂರು ರೂಪಾಯಿ ಯುಪಿಐಗೆ ಹಾಕುತ್ತಾರೆ. ನಂಬಿಕೆ ಬಂದ ಮೇಲೆ "ವಿಐಪಿ ಟಾಸ್ಕ್‌ಗೆ 2,000 ಡಿಪಾಸಿಟ್" ಅನ್ನುತ್ತಾರೆ. ಪರದೆಯ ಮೇಲೆ ಬ್ಯಾಲೆನ್ಸ್ ಏರುತ್ತಾ ಹೋಗುತ್ತೆ, ತೆಗೆಯಲು ಹೋದರೆ ತೆರಿಗೆ ಕಟ್ಟಿ, ಖಾತೆ ಬಿಡಿಸಿ ಅಂತ ಇನ್ನೊಂದು ಬೇಡಿಕೆ. ಸರ್ಚ್‌ಗೆ ಪಾಯಿಂಟ್ ಕೊಡುವ ಯಾವ ಸಾಚಾ ಕಂಪನಿಯೂ ನಿಮ್ಮಿಂದ ಒಂದು ಪೈಸೆ ಕೇಳುವುದಿಲ್ಲ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ ಕೈಯಲ್ಲಿರಲಿ. ಬೇಗ ತಿಳಿಸಿದಷ್ಟೂ ಆ ದುಡ್ಡು ಮುಂದಿನ ಖಾತೆಗೆ ಜಾರುವ ಮೊದಲು ತಡೆಯಬಹುದು. ಜಿಲ್ಲಾ ಕೇಂದ್ರದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆ ಇದೆ, ಅಲ್ಲೂ ದೂರು ಕೊಡಿ.

ಎರಡನೆಯದು ಎಕ್ಸ್‌ಟೆನ್ಶನ್. "ಸರ್ಚ್ ಮಾಡಿ ಕಾಯಿನ್ ಗಳಿಸಿ" ಅಂತ ಕ್ರೋಮ್‌ಗೆ ಹಾಕಿಸುವವು ಮಾಡುವ ಕೆಲಸ ಒಂದೇ, ನಿಮ್ಮ ಸರ್ಚ್ ಎಂಜಿನ್ ಬದಲಿಸಿ ಮಧ್ಯದಲ್ಲಿ ತಮ್ಮ ಪುಟ ತೂರಿಸುವುದು. ಹಾಕುವಾಗ "ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಡೇಟಾ ಓದಲು ಮತ್ತು ಬದಲಿಸಲು" ಅನುಮತಿ ಕೇಳಿದರೆ ಅಲ್ಲೇ ನಿಲ್ಲಿಸಿ. ಆ ಅನುಮತಿ ಇದ್ದರೆ ಬ್ಯಾಂಕ್ ಪುಟದಲ್ಲಿ ಟೈಪ್ ಮಾಡುವುದೂ ಅದಕ್ಕೆ ಕಾಣುತ್ತೆ.

ಈಗಾಗಲೇ ಹಾಕಿದ್ದರೆ: ಕ್ರೋಮ್‌ನ ಎಕ್ಸ್‌ಟೆನ್ಶನ್ ಪಟ್ಟಿಗೆ ಹೋಗಿ ಅದನ್ನು ರಿಮೂವ್ ಮಾಡಿ, ಬರೀ ಆಫ್ ಮಾಡಿದರೆ ಸಾಲದು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸರ್ಚ್ ಎಂಜಿನ್ ವಿಭಾಗ ತೆರೆದು ಗೊತ್ತಿಲ್ಲದ ಹೆಸರುಗಳನ್ನು ಅಳಿಸಿ. "ಆನ್ ಸ್ಟಾರ್ಟ್‌ಅಪ್" ವಿಭಾಗದಲ್ಲಿ ಯಾವ ಪುಟ ತೆರೆಯುತ್ತೆ ನೋಡಿ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಅನುಮತಿ ಪಡೆದ ವಿಚಿತ್ರ ತಾಣಗಳನ್ನು ತೆಗೆಯಿರಿ. ಗೂಗಲ್ ಖಾತೆಯಲ್ಲಿ ಸಿಂಕ್ ಆನ್ ಇದ್ದರೆ ಮನೆಯ ಇನ್ನೊಂದು ಕಂಪ್ಯೂಟರ್‌ನಿಂದ ಅದೇ ಎಕ್ಸ್‌ಟೆನ್ಶನ್ ಮರಳಿ ಬರುತ್ತೆ, ಹಾಗಾಗಿ ಎರಡೂ ಕಡೆ ನೋಡಬೇಕು. ಕೊನೆಗೆ ಪಾಸ್‌ವರ್ಡ್ ಬದಲಿಸಿ.

ಬಾಳೆಹೊನ್ನೂರು ಕಡೆ

ಒಂದು ಮಾತು ಜೋರಾಗಿಯೇ ಹೇಳಬೇಕು. ಪಾಯಿಂಟ್ ಬರಬಹುದು ಅಂತ ಸರ್ಚ್ ಪುಟದ ಜಾಹೀರಾತುಗಳನ್ನು ಒತ್ತಬೇಡಿ. ಬಿಂಗ್‌ನಲ್ಲಿ ಪಾಯಿಂಟ್ ಸರ್ಚ್‌ಗೆ, ಜಾಹೀರಾತು ಕ್ಲಿಕ್‌ಗೆ ಅಲ್ಲ. ಆದರೆ ನೀವು ಒತ್ತಿದ ಪ್ರತಿ ಸಲ ಆ ಜಾಹೀರಾತು ಕೊಟ್ಟವರ ದಿನದ ಬಜೆಟ್‌ನಿಂದ ದುಡ್ಡು ಕಳೆಯುತ್ತೆ. ಚಿಕ್ಕಮಗಳೂರಿನ ಮೂರು ಕೋಣೆಯ ಹೋಂಸ್ಟೇ ನಡೆಸುವವರು ದಿನಕ್ಕೆ 300 ರೂಪಾಯಿ ಬಜೆಟ್ ಇಟ್ಟು, ಕ್ಲಿಕ್‌ಗೆ 15 ಕೊಡುತ್ತಿದ್ದರೆ 20 ಕ್ಲಿಕ್‌ಗೆ ಜಾಹೀರಾತು ನಿಂತುಹೋಗುತ್ತೆ. ಶನಿವಾರ ಬೆಳಿಗ್ಗೆಯೇ ಬಜೆಟ್ ಖಾಲಿಯಾದರೆ ರೂಮ್ ಹುಡುಕುವ ನಿಜವಾದ ಗಿರಾಕಿಗೆ ಆ ಹೆಸರೇ ಕಾಣುವುದಿಲ್ಲ. ಸಂಶಯದ ಕ್ಲಿಕ್‌ಗಳನ್ನು ಕಂಪನಿ ಸೋಸುತ್ತೆ, ಆದರೆ ನಿಜವಾದ ಮನುಷ್ಯ ಸುಮ್ಮನೆ ಒತ್ತಿದ್ದನ್ನು ಗುರುತಿಸುವುದು ಕಷ್ಟ. ಇದು ನಮ್ಮ ಪಕ್ಕದ ತೋಟದವರ ದುಡ್ಡು.

ಸಂತೆಪೇಟೆ ಹಾಸನ

ತುಂಬಾ ಉಪಕಾರ ಆಯಿತು. ಹಾಗಾದರೆ ದಿನನಿತ್ಯದ ಹುಡುಕಾಟವನ್ನೇ ಬಿಂಗ್‌ಗೆ ವರ್ಗಾಯಿಸಿದರೆ ಸಾಕು ಅಂತಾಯ್ತು. ಕನ್ನಡದಲ್ಲಿ ಹುಡುಕಿದರೂ ಎಣಿಕೆಗೆ ಬರುತ್ತಾ? ಫಲಿತಾಂಶ ಹೇಗೆ?

ಕಾಫಿನಾಡು ನೆಟ್

ಬರುತ್ತೆ, ಭಾಷೆಯ ಕಟ್ಟಳೆ ಇಲ್ಲ. ಎಡ್ಜ್‌ನಲ್ಲಿ ಅಡ್ರೆಸ್ ಬಾರ್‌ನ ಸರ್ಚ್ ಎಂಜಿನ್ ಬಿಂಗ್ ಆಗಿದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ, ಇಲ್ಲದಿದ್ದರೆ ಮೇಲೆ ಟೈಪ್ ಮಾಡಿದ್ದು ಗೂಗಲ್‌ಗೆ ಹೋಗುತ್ತಿರುತ್ತೆ.

ಫಲಿತಾಂಶದ ಬಗ್ಗೆ ಹೇಳುವುದಾದರೆ, ಕನ್ನಡದ ಸ್ಥಳೀಯ ವಿಷಯಕ್ಕೆ ಗೂಗಲ್ ಇನ್ನೂ ಮುಂದಿದೆ ಅನ್ನುವುದು ನನ್ನ ಅಭಿಪ್ರಾಯ. ಪದ ಸರಿಯಾಗಿ ಆರಿಸಿದರೆ ಬಿಂಗ್‌ನಲ್ಲೂ ಕೆಲಸ ಆಗುತ್ತೆ. "ಕಾಫಿ ರೇಟ್" ಅಂತ ಹಾಕಿದರೆ ಹೋಟೆಲ್ ಕಾಫಿ, ಪುಡಿ ಎಲ್ಲ ಬರುತ್ತೆ. "ರೋಬಸ್ಟಾ ಚೆರ್ರಿ 50 ಕೆಜಿ ದರ" ಅಥವಾ "ಅರೇಬಿಕಾ ಪಾರ್ಚ್‌ಮೆಂಟ್ ದರ" ಅಂತ ಹಾಕಿ. ಕಾಳುಮೆಣಸಿಗೆ ಬರೀ "ಮೆಣಸು" ಅಂದರೆ ಬ್ಯಾಡಗಿ ಮೆಣಸಿನಕಾಯಿ ಬಂದು ಕೂರುತ್ತೆ. ಆಲೂಗಡ್ಡೆ, ಕೊಬ್ಬರಿ ಧಾರಣೆಗೆ ಎಪಿಎಂಸಿ ಊರಿನ ಹೆಸರು ಸೇರಿಸಿ, ಇಲ್ಲವೇ "ಕೃಷಿ ಮಾರಾಟ ವಾಹಿನಿ" ಅಂತಲೇ ಹಾಕಿ. ಮಳೆಗಾಲದಲ್ಲಿ "ಶಿರಾಡಿ ಘಾಟ್ ರಾಷ್ಟ್ರೀಯ ಹೆದ್ದಾರಿ 75 ಸಂಚಾರ", "ಚಾರ್ಮಾಡಿ ಹೆದ್ದಾರಿ 73" ಅಂತ ಹೆದ್ದಾರಿ ಸಂಖ್ಯೆ ಕೊಟ್ಟರೆ ಹಳೇ ಪ್ರವಾಸ ಲೇಖನಗಳು ಕೆಳಗೆ ಸರಿಯುತ್ತವೆ. ಫಲಿತಾಂಶವನ್ನು ಕಳೆದ 24 ಗಂಟೆಗೆ ಸೀಮಿತ ಮಾಡುವುದು ಮರೆಯಬೇಡಿ. ಗೊರೂರಿನ ಹೇಮಾವತಿ ಜಲಾಶಯಕ್ಕೂ ಹಾಗೆಯೇ. ಪೂರ್ಣ ಮಟ್ಟ 2,922 ಅಡಿ ಅನ್ನುವುದು ಎಲ್ಲ ಪುಟದಲ್ಲೂ ಇರುತ್ತೆ, ಇವತ್ತಿನ ಮಟ್ಟ ಬೇಕಾದರೆ ತಾರೀಖು ಹಾಕಬೇಕು.

ಹಳೇ ಸರ್ಕಾರಿ ಪಿಡಿಎಫ್‌ಗಳು ಯಾವ ಎಂಜಿನ್‌ನಲ್ಲೂ ಸಿಗದಿರಲು ಕಾರಣ ಬೇರೆ. ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟ್‌ನಲ್ಲಿ ಮಾಡಿದ ಕಡತ ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ. ಅದಕ್ಕೆ ಇಲಾಖೆ ಹೆಸರು, ವರ್ಷವನ್ನು ಇಂಗ್ಲಿಷ್‌ನಲ್ಲಿ ಹಾಕಿ ಹುಡುಕಿದರೆ ಕೆಲವೊಮ್ಮೆ ಸಿಗುತ್ತೆ.

ಇನ್ನೊಂದು: ಲಾಗಿನ್ ಆಗಿ ಹುಡುಕಿದ್ದೆಲ್ಲ ನಿಮ್ಮ ಹೆಸರಲ್ಲಿ ದಾಖಲಾಗುತ್ತೆ. ಕಾಯಿಲೆ, ಸಾಲ, ಮನೆಯ ಜಗಳದಂಥ ವಿಷಯ ಇದ್ದರೆ ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ ಹುಡುಕಿ, 3 ಪಾಯಿಂಟ್ ಹೋಗಲಿ. ದಾಖಲೆಯಾದದ್ದನ್ನು ಮೈಕ್ರೋಸಾಫ್ಟ್ ಖಾತೆಯ ಪ್ರೈವಸಿ ಪುಟದಲ್ಲಿ ಸರ್ಚ್ ಹಿಸ್ಟರಿ ತೆರೆದು ಅಳಿಸಬಹುದು.

ಮೂಡಿಗೆರೆ ಮಳೆ

ಕೊನೇ ಪ್ರಶ್ನೆ. ವೋಚರ್ ತೆಗೆಯುವಾಗ ಒಟಿಪಿ ಹಳೇ ನಂಬರ್‌ಗೆ ಹೋಗ್ತಿದ್ದರೆ ಏನು ಮಾಡಬೇಕು? ನಮ್ಮ ಕಡೆ ಸಿಗ್ನಲ್‌ಗೋಸ್ಕರ ಜನ ಸಿಮ್ ಬದಲಿಸ್ತಾನೇ ಇರ್ತಾರೆ.

ಬೇಲೂರು ರಸ್ತೆ

ಸಿಗ್ನಲ್‌ಗೋಸ್ಕರವೇ ಆದರೆ ಹೊಸ ಸಿಮ್ ಬೇಡ, ಅದೇ ನಂಬರ್ ಪೋರ್ಟ್ ಮಾಡಿಸಿ. ನಂಬರ್ ಬದಲಾಗಲೇಬೇಕು ಅಂದರೆ ಹಳೇ ಸಿಮ್ ಜೀವಂತ ಇರುವಾಗಲೇ ಮೈಕ್ರೋಸಾಫ್ಟ್ ಖಾತೆಯ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ ಹೊಸದನ್ನು ಸೇರಿಸಿ, ಅದಕ್ಕೆ ಬಂದ ಕೋಡ್ ಹಾಕಿ ಖಚಿತಪಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ಜೊತೆಗೆ ಇನ್ನೊಂದು ಇಮೇಲ್ ಕೂಡ ಅಲ್ಲೇ ಸೇರಿಸಿಡಿ. ಹಳೇ ನಂಬರ್ ಕೈಬಿಟ್ಟ ಮೇಲೆ ಮಾಡಲು ಹೋದರೆ "ಇವು ಯಾವುವೂ ನನ್ನ ಬಳಿ ಇಲ್ಲ" ಅನ್ನುವ ಆಯ್ಕೆ ಒತ್ತಬೇಕಾಗುತ್ತೆ, ಆಗ ಭದ್ರತಾ ಮಾಹಿತಿ ಬದಲಾಗಲು 30 ದಿನ ಕಾಯಬೇಕು. ಬಿಟ್ಟ ನಂಬರ್ 90 ದಿನ ಕಳೆದ ಮೇಲೆ ಬೇರೆಯವರಿಗೆ ಹೋಗಬಹುದು, ಹಾಗಾಗಿ ಅದಕ್ಕೂ ಮುಂಚೆಯೇ ಈ ಕೆಲಸ ಮುಗಿಸಿ. ಮನೆಯಲ್ಲಿ ಇಬ್ಬರು ಖಾತೆ ಇಟ್ಟಿದ್ದರೆ ಇಬ್ಬರದ್ದೂ ಬೇರೆ ಬೇರೆ ನಂಬರ್ ಇರಲಿ. ಒಂದೇ ನಂಬರ್‌ನಲ್ಲಿ ಎರಡು ಖಾತೆಯ ವೋಚರ್ ತೆಗೆಯಲು ಹೋದರೆ ಎರಡನೆಯದು ಅಲ್ಲೇ ನಿಲ್ಲುತ್ತೆ.